ಬೇಡ ಅಂದ್ರೆ ಬೇಡ

ಹಡಗು ಹತ್ತಿದ ಮೊದಲ ರಾತ್ರಿಯೇ ಟೇಲರು ಉಪವಾಸ ಮಲಗಿದರು. ಹಡಗಿನಲ್ಲಿ ಊಟಕ್ಕೇನೂ ಬರವಿರಲಿಲ್ಲ. ಎರಡು ಸಾವಿರ ಜನಕ್ಕೆ ಮೂರು ಹೊತ್ತು ಉಣಬಡಿಸಿ, ನಡುನಡುವೆ ಕೇಕು ಹಂಚಿ, ಮಿಕ್ಕದ್ದನ್ನು ಏನು ಮಾಡುವುದೆಂದು ಯೋಚಿಸುವಷ್ಟು ಸಾಮಾನು ತುಂಬಿಕೊಂಡೇ ಅದು ದಡ ಬಿಟ್ಟಿತ್ತು. ಆದರೂ ಟೇಲರ ಹೊಟ್ಟೆ ಖಾಲಿ ಉಳಿದದ್ದಕ್ಕೆ ಕಾರಣ ಎರಡಕ್ಷರದ ಒಂದು ಮಾತು. ಆ ಮಾತು 'ಬೇಡ'.

ಟೇಲರು ಬೆಳೆದ ಮನೆಯಲ್ಲಿ ಯಾರು ಏನು ಕೊಟ್ಟರೂ ಮೊದಲು ಬೇಡ ಎನ್ನಬೇಕಿತ್ತು. ಎರಡನೇ ಸಲ ಕೇಳಿದರೆ 'ಅಯ್ಯೋ, ಬೇಡ ಬಿಡಿ' ಎನ್ನಬೇಕು. ಮೂರನೇ ಸಲ, ಕೊಡುವವರ ಮನಸ್ಸು ನೋಯಿಸಲಾರದೆ ಸೋತವರಂತೆ ಮುಖ ಮಾಡಿ ಕೈ ಚಾಚಬೇಕು. ಇದನ್ನು ಅವರ ತಾಯಿ ಅ ಆ ಇ ಈ ಕಲಿಸುವುದಕ್ಕೂ ಮೊದಲೇ ಕಲಿಸಿದ್ದರು. ಚಿಕ್ಕಂದಿನಲ್ಲಿ ಒಮ್ಮೆ ನೆರೆಮನೆಯವರು ಕೊಟ್ಟ ಮಿಠಾಯಿಯನ್ನು ಮೊದಲನೇ ಸಲಕ್ಕೇ ಇಸಿದುಕೊಂಡದ್ದಕ್ಕೆ ತಾಯಿ ತೊಡೆ ಚಿವುಟಿದ್ದರು. ಈಗ ಟೇಲರಿಗೆ ಐವತ್ತೆರಡು. ಯಾರಾದರೂ ತಟ್ಟೆ ಮುಂದೆ ಹಿಡಿದರೆ ತೊಡೆ ಈಗಲೂ ತಾನಾಗಿ ಹಿಂದೆ ಸರಿಯುತ್ತದೆ.

ಹೆಂಡತಿಯ ತವರಿನವರೂ ಇದೇ ಪೈಕಿ. ಅವರ ಮನೆಯಲ್ಲಿ ಒಂದು ಲೋಟ ಕಾಫಿ ಕೊಟ್ಟು ಇಸಿದುಕೊಳ್ಳುವಷ್ಟರಲ್ಲಿ ಕಾಫಿ ಆರಿ ತಣ್ಣಗಾಗಿರುತ್ತಿತ್ತು. ಹೀಗೆ ಎರಡೂ ಕಡೆಯವರಿಗೆ ಚೆನ್ನಾಗಿ ಹೊಂದಿಕೆಯಾಗಿ ಇಪ್ಪತ್ತೈದು ವರ್ಷ ಕಳೆದಿದ್ದವು.

ಹಡಗಿನ ಮೂರನೇ ಮಹಡಿಯ ಊಟದ ಹಾಲ್‌ನಲ್ಲಿ ಈ ಹೊಂದಿಕೆ ಮುರಿದುಬಿತ್ತು. ಬಿಳಿ ಬಟ್ಟೆ ಹಾಸಿದ ದುಂಡು ಮೇಜು, ಒಬ್ಬೊಬ್ಬರ ಮುಂದೆ ಮೂರು ಮೂರು ಫೋರ್ಕು, ಬೆನ್ನ ಹಿಂದೆ ಬಿಳಿ ಕೈಗವಸು ತೊಟ್ಟ ವೇಟರು. ಎಲ್ಲೋ ದೂರದ ದೇಶದವನು. ಪ್ರಯಾಣಿಕರಿಗೆ ಖುಷಿಯಾಗಲೆಂದು ಕನ್ನಡದ ಹದಿನಾಲ್ಕು ಮಾತು ಕಲಿತಿದ್ದ. ಅದರಲ್ಲಿ ಬೇಕು, ಬೇಡ ಎರಡೂ ಇದ್ದವು. ಅವನು ಕಲಿತ ಪುಸ್ತಕದಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ ಕೊಟ್ಟಿದ್ದರು.

"ಸೂಪ್ ಬೇಕಾ?"

"ಬೇಡ ಬೇಡ," ಎಂದರು ಟೇಲರು, ಎರಡನೇ ಸಲ ಕೇಳಲೆಂದು ಚಮಚ ಕೈಗೆತ್ತಿಕೊಳ್ಳುತ್ತಾ.

ವೇಟರು ತಲೆ ಬಾಗಿಸಿ, ಅವರ ಕೈಯಿಂದ ಚಮಚವನ್ನೂ ತೆಗೆದುಕೊಂಡು ಹೋದ.

ಮೀನು ಬಂತು, ಬೇಡ ಅಂದರು. ಮೀನಿನ ಚಾಕು ಹೋಯಿತು. ಹುರಿದ ಆಲೂಗಡ್ಡೆ ಬಂತು, ಬೇಡ ಅಂದರು, ಫೋರ್ಕು ಹೋಯಿತು. ಕೊನೆಗೆ ಅವರ ಮುಂದೆ ಉಳಿದದ್ದು ಒಂದು ಲೋಟ ನೀರು ಮತ್ತು ಮೇಜಿನ ನಡುವಿನ ಹೂವು.

ಉಳಿದವರು ಹೇಗೋ ಪಾರಾದರು. ಹೆಂಡತಿಯ ಅಣ್ಣ, ಎಲ್ಲರೂ ದೊಡ್ಡ ಭಾವ ಎನ್ನುವವರು, ಸಿಮೆಂಟು ಕಬ್ಬಿಣದ ವ್ಯಾಪಾರಿ; ಹೊಸ ಕಟ್ಟಡ ಮುಗಿಸಿದ ಖುಷಿಗೆ ಮನೆಮಂದಿಯನ್ನೆಲ್ಲ ಹಡಗು ಹತ್ತಿಸಿದವರೇ ಅವರು. ಹಿಂದೆ ಎರಡು ಸಲ ಬಂದ ಅನುಭವವಿತ್ತು. ಮೆನು ಕಾರ್ಡಿನ ಮೇಲೆ ಬೆರಳಿಟ್ಟು ತಮಗೂ ತಮ್ಮ ಹೆಂಡತಿಗೂ ತರಿಸಿಕೊಂಡರು. ಟೇಲರ ಹೆಂಡತಿಯೂ ಅವಳ ತಂಗಿಯೂ ಎಲ್ಲದಕ್ಕೂ 'ಸ್ವಲ್ಪ' ಎಂದರು. ಆ ಮಾತು ವೇಟರನ ಹದಿನಾಲ್ಕರಲ್ಲಿ ಇರಲಿಲ್ಲವಾಗಿ ಅವನು ತಟ್ಟೆ ತುಂಬ ಬಡಿಸಿದ. ತಂಗಿಯ ಗಂಡ, ಟೇಲರ ಷಡ್ಡಕ, ಔಷಧಿ ಅಂಗಡಿಯವನು, ಬಾಯಿ ಬಿಡದೆ ತಲೆಯನ್ನು ಅತ್ತಿತ್ತ ತೂಗಿದ. ಅದು ಹೌದೋ ಅಲ್ಲವೋ ತಿಳಿಯದೆ ವೇಟರು ಎರಡೆರಡು ಸಲ ಬಡಿಸಿದ.

"ಏನ್ರೀ ಟೇಲರೇ, ಏನೂ ಮುಟ್ಲೇ ಇಲ್ವಲ್ಲ?" ಎಂದರು ದೊಡ್ಡ ಭಾವ.

ಹೊಟ್ಟೆ ತಾಳ ಹಾಕುತ್ತಿದೆ ಎನ್ನಲು ಮಾನ ಅಡ್ಡ ಬಂತು. "ಹೊಟ್ಟೆ ಸ್ವಲ್ಪ ಸರಿ ಇಲ್ಲ ಭಾವ," ಎಂದುಬಿಟ್ಟರು ಟೇಲರು.

ಅಲ್ಲಿಗೆ ಒಂದು ಹೋಗಿ ಎರಡಾಯಿತು.

ಮರುದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಹೆಂಡತಿ ಬಿಸಿನೀರಿನ ಲೋಟ ಹಿಡಿದು ನಿಂತಿದ್ದಳು.

"ಇವತ್ತೆಲ್ಲಾ ಇದೇ. ಹೊಟ್ಟೆಗೆ ಒಂದು ದಿನ ರಜ ಕೊಟ್ರೆ ತಾನಾಗೇ ಸರಿಹೋಗುತ್ತೆ."

"ನಿನ್ನೆಯಿಂದ ರಜದಲ್ಲೇ ಇದೆ ಕಣೇ."

"ತಮಾಷೆ ಸಾಕು. ರಾತ್ರಿ ಊಟದ ಹೊತ್ತಿಗೆ ನೀವು ನೆಟ್ಟಗೆ ಎದ್ದು ಕೂರಬೇಕು. ಅಣ್ಣ ಇವತ್ತು ಅಂಗಡಿ ಮಾತು ಎತ್ತುತ್ತಾನಂತೆ. ಅತ್ತಿಗೆ ಕಿವೀಲಿ ಹೇಳಿದ್ರು."

ಅಂಗಡಿ ಎಂದ ಕೂಡಲೇ ಟೇಲರ ಹಸಿವು ಒಂದು ಕ್ಷಣ ಸುಮ್ಮನಾಯಿತು. ಇಪ್ಪತ್ತಮೂರು ವರ್ಷದಿಂದ ಅವರು ಹೊಲಿಯುತ್ತಿದ್ದದ್ದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಮೇಲೆ ಯಾರಾದರೂ ಹತ್ತಿದರೆ ಕೆಳಗೆ ಹೊಲಿಗೆ ವಕ್ರವಾಗುತ್ತಿತ್ತು. ಪ್ಯಾಂಟು ಹಾಕಿ ನೋಡಲು ಬಂದ ಗಿರಾಕಿ ಒಂದು ಪರದೆಯ ಹಿಂದೆ ನಿಲ್ಲಬೇಕು, ಅವನ ಬರಿಗಾಲು ಬೀದಿಗೆಲ್ಲ ಕಾಣಬೇಕು. ಈಗ ರಸ್ತೆ ಅಗಲ ಮಾಡುವವರು ಬಂದು ಆ ಮೆಟ್ಟಿಲಿಗೂ ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ತಿಂಗಳೊಳಗೆ ಜಾಗ ಖಾಲಿ ಮಾಡಬೇಕು. ದೊಡ್ಡ ಭಾವನ ಹೊಸ ಕಟ್ಟಡದ ಮುಂಭಾಗದಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ಗಾಜಿನ ಬಾಗಿಲಿನ ಒಂದು ಅಂಗಡಿ ಇತ್ತು. ಅದರೊಳಗೆ ಆಳೆತ್ತರದ ಕನ್ನಡಿ ಎಲ್ಲಿ ನಿಲ್ಲಬೇಕು, ಕತ್ತರಿಸುವ ಮೇಜು ಎಲ್ಲಿ ಬರಬೇಕು ಎಂದು ಟೇಲರು ಮನಸ್ಸಿನಲ್ಲೇ ಟೇಪು ಹಿಡಿದು ಅಳೆದಾಗಿತ್ತು. ಆದರೆ ಅದರ ಮೇಲೆ ಷಡ್ಡಕನಿಗೂ ಕಣ್ಣಿತ್ತು. ಅವನಿಗೆ ಈಗಾಗಲೇ ಒಂದು ಅಂಗಡಿ ಇದೆಯಲ್ಲ ಎಂಬುದು ಅವನನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿತ್ತು.

"ನೋಡೇ, ಮಾತು ಬೇಕಾದ್ರೆ ಅಲ್ಲಿ ಆಡೋಣ. ಊಟ ಮಾತ್ರ ಮೇಲೆ ಬಫೆಯಲ್ಲಿ ಮಾಡ್ಕೊಂಡು ಬರ್ತೀನಿ. ಅಲ್ಲಿ ನಾವೇ ಬಡಿಸ್ಕೋಬಹುದಂತೆ."

"ಚೆನ್ನಾಗಿದೆ! ಅಣ್ಣ ಮೇಜು ಹಿಡಿದು, ಎಲ್ರಿಗೂ ಕೋಟು ಹೊಲಿಸಿ, ಮರ್ಯಾದೆಯಾಗಿ ಕೂರಿಸಿ ಊಟ ಹಾಕಿಸ್ತಿದ್ದಾನೆ. ನೀವು ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತ್ರೆ ಅವನು ಮುಖ ಎಲ್ಲಿಟ್ಕೋಬೇಕು?"

"ಆ ಕೋಟುಗಳನ್ನ ಹೊಲಿದದ್ದೂ ನಾನೇ."

"ಅದಕ್ಕೇ ಹೇಳ್ತಿರೋದು, ಹಾಕ್ಕೊಂಡು ಬನ್ನಿ ಅಂತ."

ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಟೇಲರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹನ್ನೊಂದನೇ ಮಹಡಿಗೆ ಓಡಿದರು.

ಬಫೆಯನ್ನು ಕಂಡು ಅವರ ಕಣ್ಣು ತುಂಬಿ ಬಂತು. ಈ ಗೋಡೆಯಿಂದ ಆ ಗೋಡೆಯವರೆಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹುರಿದ ಆಲೂಗಡ್ಡೆ, ಅಣಬೆ, ಹೆಚ್ಚಿಟ್ಟ ಹಣ್ಣು. ಇಸ್ತ್ರಿ ಮಾಡಿ ಮಡಿಸಿಟ್ಟ ಸೀರೆಯಂತೆ ಪದರಪದರವಾಗಿ ಕೇಕು. ಎಲ್ಲಕ್ಕಿಂತ ದೊಡ್ಡ ಸುಖ ಎಂದರೆ ಅಲ್ಲಿ ಬೇಕಾ ಎಂದು ಕೇಳುವವರೇ ಇರಲಿಲ್ಲ. ಕೇಳುವವರಿಲ್ಲದ ಮೇಲೆ ಬೇಡ ಎನ್ನುವ ಪ್ರಶ್ನೆಯೂ ಇರಲಿಲ್ಲ. ಈ ಏರ್ಪಾಡನ್ನು ಕಂಡುಹಿಡಿದ ಮನುಷ್ಯನೂ ತನ್ನಂತೆಯೇ ಯಾವುದೋ ಮರ್ಯಾದಸ್ಥರ ಮನೆಯಲ್ಲಿ ಬೆಳೆದು ಹಸಿದವನಿರಬೇಕು ಎಂದುಕೊಂಡರು ಟೇಲರು. ತಟ್ಟೆಯ ಮೇಲೆ ಗೋಪುರ ಕಟ್ಟಿ, ಕಿಟಕಿಯ ಪಕ್ಕದ ಮೇಜಿಗೆ ಬಂದು, ಮೊಟ್ಟೆಯನ್ನು ಬಾಯಿಯ ಹತ್ತಿರ ತಂದರು.

"ಅಣ್ಣಾ! ಹೊಟ್ಟೆ ಸರಿ ಇಲ್ಲ ಅಂದಿದ್ರಿ?"

ಷಡ್ಡಕ ಎದುರಿಗೆ ನಿಂತಿದ್ದ. ಟೇಲರು ಮೊಟ್ಟೆಯನ್ನು ತಟ್ಟೆಗೆ ಇಳಿಸಿದರು.

"ಇದು... ನನಗಲ್ಲಪ್ಪ. ನಿಮ್ಮಕ್ಕನಿಗೆ. ಕೋಣೆಗೆ ತಗೊಂಡು ಹೋಗ್ತಿದ್ದೆ."

"ಕೂತ್ಕೊಂಡು ತಗೊಂಡು ಹೋಗ್ತಿದ್ರಾ?"

"ಸ್ವಲ್ಪ ಸುಸ್ತು."

"ಛೆ ಛೆ, ಕೊಡಿ ಇಲ್ಲಿ. ನಾನಿಲ್ವಾ?" ಎಂದು ಷಡ್ಡಕ ತಟ್ಟೆಯನ್ನು ಎತ್ತಿಕೊಂಡೇಬಿಟ್ಟ. ಬಾಗಿಲು ದಾಟುವಷ್ಟರಲ್ಲಿ ಆ ಮೊಟ್ಟೆ ಅವನ ಬಾಯೊಳಗೆ ಹೋದದ್ದನ್ನು ಟೇಲರು ಕಣ್ಣಾರೆ ಕಂಡರು.

ಟೇಲರು ಧೃತಿಗೆಡಲಿಲ್ಲ. ಇನ್ನೊಂದು ತಟ್ಟೆ ತುಂಬಿಕೊಂಡು, ಈ ಸಲ ಕಿಟಕಿಯ ಕಡೆ ಹೋಗದೆ ಕಂಬದ ಮರೆಗೆ ಹೋದರು. ಕಂಬದ ಮರೆಯಲ್ಲಿ ಹೆಡ್‌ಮೇಡಂ ಕೂತಿದ್ದರು. ಹಡಗಿನವರು ಇವರ ಮೇಜಿನ ಏಳನೇ ಕುರ್ಚಿಯಲ್ಲಿ ಕೂರಿಸಿದ್ದ, ಒಬ್ಬರೇ ಪ್ರವಾಸ ಬಂದಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿನ್ನೆ ರಾತ್ರಿ ಟೇಲರ ಹೊಟ್ಟೆಯ ಸಮಾಚಾರ ಕೇಳಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರಿಸಿದವರು ಅವರೇ.

"ಕೂತ್ಕೊಳ್ಳಿ," ಎಂದರು. ಟೇಲರು ಕೂತರು. ಮೂವತ್ತೈದು ವರ್ಷ ಮಕ್ಕಳನ್ನು ಕೂರಿಸಿದ ದನಿ ಅದು.

"ಹುರಿದದ್ದು ಹೊಟ್ಟೆಗೆ ಆಗಲ್ಲ," ಎಂದು ಹೆಡ್‌ಮೇಡಂ ಟೇಲರ ತಟ್ಟೆಯಿಂದ ಆಲೂಗಡ್ಡೆ ತೆಗೆದು ತಮ್ಮ ತಟ್ಟೆಗೆ ಹಾಕಿಕೊಂಡರು. "ಅಣಬೆ ವಾಯು. ಮೊಟ್ಟೆ ಉಷ್ಣ. ಕೇಕು, ರಾಮ ರಾಮ, ಕೇಕಿನ ಮಾತೇ ಎತ್ತಬೇಡಿ." ಕೊನೆಗೆ ಟೇಲರ ತಟ್ಟೆಯಲ್ಲಿ ಉಳಿದದ್ದು ಒಂದು ಬೆಂದ ಕ್ಯಾರೆಟ್ಟು. ಅದನ್ನು ನೋಡಿ ಅವರು ತೃಪ್ತಿಯಿಂದ ತಲೆಯಾಡಿಸಿದರು. "ಇದನ್ನ ಮೂವತ್ತೆರಡು ಸಲ ಅಗಿದು ತಿನ್ನಿ. ಅಷ್ಟರಲ್ಲಿ ಅವರು ಬರ್ತಾರೆ."

"ಯಾರು ಬರ್ತಾರೆ?"

"ಡಾಕ್ಟರ ಕಡೆಯವರು. ಹಡಗಲ್ಲಿ ಯಾರಿಗಾದ್ರೂ ಹೊಟ್ಟೆ ಕೆಟ್ರೆ ತಕ್ಷಣ ತಿಳಿಸಬೇಕು ಅಂತ ಬಾಗಿಲಲ್ಲೇ ಬರೆದಿದ್ದಾರೆ. ಬೆಳಗ್ಗೆ ಆರಕ್ಕೇ ತಿಳಿಸಿಬಿಟ್ಟೆ. ಒಬ್ಬರಿಂದ ಎರಡು ಸಾವಿರ ಜನಕ್ಕೆ ಹರಡುತ್ತೆ ನೋಡಿ."

ಟೇಲರು ಎಂಟನೇ ಸಲ ಅಗಿಯುತ್ತಿದ್ದಾಗ ಮುಖಕ್ಕೆ ಬಟ್ಟೆ ಕಟ್ಟಿದ ಇಬ್ಬರು ಬಂದರು. ಒಬ್ಬ ಅವರ ತೋಳು ಹಿಡಿದ. ಇನ್ನೊಬ್ಬ ಅವರು ಕೂತಿದ್ದ ಕುರ್ಚಿಗೂ ಮೇಜಿಗೂ ಔಷಧಿ ಸಿಂಪಡಿಸಿದ, ಆಮೇಲೆ ಒಂದಿಷ್ಟು ಟೇಲರ ಬೆನ್ನಿಗೂ ಸಿಂಪಡಿಸಿದ. ಸಾಲಿನಲ್ಲಿ ನಿಂತಿದ್ದ ಜನ ತಂತಮ್ಮ ತಟ್ಟೆಯನ್ನು ಎದೆಗವಚಿಕೊಂಡು ದಾರಿ ಬಿಟ್ಟರು. ಹುಟ್ಟಿದಾರಭ್ಯ ಟೇಲರಿಗೆ ಇಷ್ಟು ಅವಮಾನವಾಗಿರಲಿಲ್ಲ, ಇಷ್ಟು ಹಸಿವೂ ಆಗಿರಲಿಲ್ಲ.

ಹಡಗಿನ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಭಾಷೆಯವರೇ. ಬಿಳಿ ಕೋಟಿನ ಮೂರನೇ ಗುಂಡಿ ಒಂದೇ ದಾರದಲ್ಲಿ ಜೋತಾಡುತ್ತಿತ್ತು. ಅದನ್ನು ಕಂಡು ಟೇಲರಿಗೆ ಅಂಥ ಸಂಕಟದಲ್ಲೂ ಕೈ ಚುರುಚುರು ಎಂದಿತು.

"ಎಷ್ಟು ಸಲ ಹೋದ್ರಿ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ!"

"ಓ. ಒಂದು ಸಲಾನೂ ಇಲ್ಲ."

"ವಾಂತಿ?"

"ಇಲ್ಲ."

"ಮತ್ತೆ ಹೊಟ್ಟೆಗೆ ಏನಾಗಿದೆ?"

"ಹಸಿವಾಗಿದೆ ಡಾಕ್ಟ್ರೇ," ಎಂದರು ಟೇಲರು.

ಸೂಪಿನಿಂದ ಹಿಡಿದು ಕ್ಯಾರೆಟ್ಟಿನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು.

"ನಮ್ಮಜ್ಜಿನೂ ಹೀಗೇ. ಆಸ್ಪತ್ರೆಲಿ ಗ್ಲೂಕೋಸ್ ಹಾಕೋಕೆ ಹೋದ್ರೆ ಬೇಡ ಬೇಡ ಅಂದಿದ್ರು. ನರ್ಸ್ ಎರಡನೇ ಸಲಕ್ಕೇ ವಾಪಸ್ ಹೋಗಿಬಿಟ್ಲು."

"ಆಮೇಲೆ?"

"ಆಮೇಲೆ ಏನು, ನಾನು ಡಾಕ್ಟರಾದೆ. ನೋಡಿ, ನಿಮಗೆ ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ. ಅಭ್ಯಾಸ ಬದಲಾಗಬೇಕು. ಯಾರು ಏನು ಕೇಳಿದ್ರೂ ಮೊದಲನೇ ಸಲಕ್ಕೇ ಬೇಕು ಅನ್ನಿ. ಯೋಚನೆ ಮಾಡೋಕೆ ಹೋಗಬೇಡಿ, ಯೋಚನೆ ಮಾಡಿದ್ರೆ ಅಮ್ಮ ನೆನಪಾಗ್ತಾರೆ." ಅವರು ಡ್ರಾಯರಿನಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದು ಮುಂದೆ ಹಿಡಿದರು. "ಬಿಸ್ಕತ್ ಬೇಕಾ?"

"ಅಯ್ಯೋ, ಬೇಡ ಬಿಡಿ ಡಾಕ್ಟ್ರೇ, ನಿಮಗ್ಯಾಕೆ ತೊಂದ್ರೆ."

ಡಬ್ಬ ಮುಚ್ಚಿತು. ಟೇಲರು ನಾಲಿಗೆ ಕಚ್ಚಿಕೊಂಡರು.

"ಇನ್ನೊಂದು ಸಲ. ಬಿಸ್ಕತ್ ಬೇಕಾ?"

"ಬೇ..." ಎಂದರು ಟೇಲರು. ಹಣೆಯಲ್ಲಿ ಬೆವರೊಡೆಯಿತು. ತೊಡೆ ಹಿಂದೆ ಸರಿಯಿತು. "...ಡ."

ಡಬ್ಬ ಮತ್ತೆ ಮುಚ್ಚಿತು. ಹೀಗೆ ಅರ್ಧ ಗಂಟೆ ಸಾಧನೆ ನಡೆಯಿತು. ಹನ್ನೊಂದನೇ ಸಲ ಡಾಕ್ಟರಮ್ಮ ಡಬ್ಬದ ಮುಚ್ಚಳಕ್ಕೆ ಕೈ ಹಚ್ಚುವ ಮೊದಲೇ ಟೇಲರು ಕಣ್ಣು ಮುಚ್ಚಿ "ಬೇಕು!" ಎಂದು ಕೂಗಿದರು. ಬಿಸ್ಕತ್ತು ಕೈಗೆ ಬಂತು. ಒಂದೇ ಒಂದು ಉಳಿದಿತ್ತು; ಪಾಠ ಹೇಳುತ್ತಾ ಹೇಳುತ್ತಾ ಬೇರೆಯವನ್ನೆಲ್ಲ ಡಾಕ್ಟರಮ್ಮ ತಾವೇ ತಿಂದಿದ್ದರು.

"ಗುಣ ಆದ ಹಾಗೆ," ಎಂದರು ಡಾಕ್ಟರಮ್ಮ. "ಆದರೆ ದೂರು ಪುಸ್ತಕಕ್ಕೆ ಏರಿಬಿಟ್ಟಿದೆ. ಹೊಟ್ಟೆ ಪಟ್ಟಿಲಿ ಹೆಸರು ಬಂದವರು ಒಂದು ದಿನ ಪೂರ್ತಿ ಕೋಣೆ ಬಿಟ್ಟು ಬರೋ ಹಾಗಿಲ್ಲ."

"ಡಾಕ್ಟ್ರೇ, ಇವತ್ತು ರಾತ್ರಿ ಊಟಕ್ಕೆ ನಾನಿಲ್ಲ ಅಂದ್ರೆ ಅಂಗಡಿ ನಮ್ಮ ಷಡ್ಡಕನ ಪಾಲಾಗುತ್ತೆ. ತಿಂಗಳು ಕಳೆದ್ರೆ ನಾನು ಮೆಷಿನ್ನು ಹೊತ್ಕೊಂಡು ಬೀದೀಲಿ ನಿಲ್ಲಬೇಕು. ನಿಮ್ಮ ಕೋಟಿನ ಗುಂಡಿ ಹೊಲಿದು ಕೊಡ್ತೀನಿ, ಬೇಕಾ?"

"ಬೇಕು," ಎಂದರು ಡಾಕ್ಟರಮ್ಮ, ಪಾಠಕ್ಕೆ ಮಾದರಿಯಾಗಿ. ಗುಂಡಿ ಗಟ್ಟಿಯಾದ ಮೇಲೆ ಪುಸ್ತಕದಲ್ಲಿ ಸಂಜೆ ಏಳು ಗಂಟೆಯವರೆಗೆ ಎಂದು ತಿದ್ದಿದರು.

ಆ ಹಗಲು ಕಳೆದ ಬಗೆಯನ್ನು ಟೇಲರು ಆಮೇಲೆ ಯಾರಿಗೂ ಹೇಳಲಿಲ್ಲ. ಕೋಣೆಯ ಬಾಗಿಲಿಗೆ ಹಳದಿ ಕಾಗದ ಅಂಟಿಸಿದ್ದರು. ಮಧ್ಯಾಹ್ನ ಹೆಂಡತಿ ಉಪ್ಪು ಸಕ್ಕರೆ ನೀರು ಕೊಟ್ಟು, "ಬೆಳಗ್ಗೆ ಕಳಿಸಿದ ತಿಂಡಿ ಚೆನ್ನಾಗಿತ್ತು ಕಣ್ರೀ, ಆ ಸ್ಥಿತಿಲೂ ನನ್ನ ಜ್ಞಾಪಕ ಇತ್ತಲ್ಲ ನಿಮಗೆ," ಎಂದು ಅವರ ತಲೆ ಸವರಿದಳು. ಅಷ್ಟು ಅಕ್ಕರೆಯ ಮುಂದೆ ನಿಜ ಹೇಳಲು ಟೇಲರಿಗೆ ಬಾಯಿ ಬರಲಿಲ್ಲ. ಅವಳು ಊಟಕ್ಕೆ ಹೋದ ಮೇಲೆ ಗೋಡೆಗೆ ಮುಖ ಮಾಡಿ ಪಾಠ ಒಪ್ಪಿಸಿದರು. ಬೇಕು. ಬೇಕು. ಬೇಕು. ಪಕ್ಕದ ಕೋಣೆಯವರು ಗೋಡೆ ತಟ್ಟಿ ಏನು ಬೇಕು ಎಂದು ಕೇಳಿದರು.

ಆರೂವರೆಗೆ ಹೆಂಡತಿ, "ಎಲ್ರಿಗೂ ಹೇಳಿರ್ತೀನಿ, ನೀವು ಸರಿಯಾಗಿ ಏಳಕ್ಕೆ ಬನ್ನಿ," ಎಂದು ಮುಂದೆ ಹೋದಳು. ಅರ್ಧ ಗಂಟೆ ಕೈಯಲ್ಲಿತ್ತು. ಟೇಲರು ಕೋಟು ತೊಟ್ಟು ಕಳ್ಳಹೆಜ್ಜೆಯಲ್ಲಿ ಮತ್ತೆ ಹನ್ನೊಂದನೇ ಮಹಡಿಗೆ ಹೋದರು. ಅಲ್ಲಿ ಎರಡು ತುತ್ತು ಹಾಕಿಕೊಂಡರೆ, ಕೆಳಗೆ ಗಾಂಭೀರ್ಯದಿಂದ ಅಂಗಡಿಯ ಮಾತಿಗೆ ಕಿವಿಗೊಡಬಹುದು. ಬಾಗಿಲಲ್ಲಿ ನಿಂತಿದ್ದವನು ಅವರ ಕೋಣೆಯ ಕಾರ್ಡನ್ನು ಯಂತ್ರಕ್ಕೆ ತೋರಿಸಿದ. ಯಂತ್ರ ಕುಂಯ್ ಎಂದಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಸಾಲಿಗೆಲ್ಲ ಕೇಳುವಂತೆ, "ಹೊಟ್ಟೆ," ಎಂದ.

"ಏಳು ಗಂಟೆಗೆ ಸರಿಹೋಗುತ್ತೆ ಕಣಯ್ಯಾ!"

"ಏಳಕ್ಕೇ ಬನ್ನಿ ಸಾರ್."

ಗಾಜಿನ ಆಚೆ ಯಾರೋ ಒಬ್ಬ ಕೇಕಿನ ಮೇಲಿನ ಕೆನೆ ಮಾತ್ರ ತಿಂದು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಟೇಲರಿಗೆ ಅಳು ಬಂದಂತಾಯಿತು. ಹಾಗೇ ಮೆಟ್ಟಿಲಿಳಿದು ಏಳರ ಹೊತ್ತಿಗೆ ಮೂರನೇ ಮಹಡಿಗೆ ಬಂದರು.

ಮೇಜಿನ ಸುತ್ತ ಎಲ್ಲರೂ ಸೇರಿದ್ದರು. ತಾವು ಹೊಲಿದ ಕೋಟುಗಳು ಒಂದೇ ಸಾಲಿನಲ್ಲಿ ಕೂತಿದ್ದನ್ನು ಕಂಡರೂ ಟೇಲರಿಗೆ ಹೆಮ್ಮೆ ಪಡಲು ಶಕ್ತಿ ಇರಲಿಲ್ಲ. ಕುರ್ಚಿಗೆ ಕುಸಿದದ್ದೇ ತಡ, ಬಿಳಿ ಕೈಗವಸು ಬೆನ್ನ ಹಿಂದಿನಿಂದ ಬಂತು.

"ಸೂಪ್ ಬೇಕಾ?"

"ಬೇಕು!" ಎಂದರು ಟೇಲರು. ದನಿ ಎಷ್ಟು ಜೋರಾಗಿ ಬಂತೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಸೂಪು ಬಂತು. ನಿಜವಾಗಿಯೂ ಬಂತು. ಟೇಲರು ಅದನ್ನು ಕುಡಿಯುವುದನ್ನು ನೋಡಿ ವೇಟರನ ಮುಖ ಅರಳಿತು. ನಿನ್ನೆಯಿಂದ ಅವನಿಗೂ ಈ ಒಬ್ಬ ಗಿರಾಕಿಯದೇ ಕೊರಗಾಗಿತ್ತು. ಬ್ರೆಡ್ ಬೇಕಾ? ಬೇಕು. ಬೆಣ್ಣೆ ಬೇಕಾ? ಬೇಕು. ಮೀನು ಬೇಕಾ? ಬೇಕು. ಕೇಳುವುದು ಮುಗಿಯುವ ಮೊದಲೇ ಉತ್ತರ ಹೊರಡುತ್ತಿತ್ತು. ಇಷ್ಟು ವರ್ಷ ಈ ಮಾತನ್ನು ಸುಮ್ಮನೆ ಬಾಯೊಳಗೆ ಇಟ್ಟುಕೊಂಡಿದ್ದೆನಲ್ಲ ಎಂದು ಟೇಲರಿಗೆ ಅನ್ನಿಸಿತು. ಎಷ್ಟು ಸಲೀಸಾದ ಮಾತು! ತೊಡೆ ಕೂಡ ಸುಮ್ಮನಿತ್ತು.

"ಹೊಟ್ಟೆ?" ಎಂದು ಹೆಡ್‌ಮೇಡಂ ಹುಬ್ಬೇರಿಸಿದರು.

"ಗುಣ ಆಯ್ತು ಮೇಡಂ," ಎಂದರು ಟೇಲರು, ಮೀನು ತುಂಬಿದ ಬಾಯಲ್ಲಿ.

"ಕ್ಯಾರೆಟ್ಟು," ಎಂದು ಹೆಡ್‌ಮೇಡಂ ಎಲ್ಲರ ಕಡೆಗೂ ನೋಡಿದರು.

ಆಲೂಗಡ್ಡೆಯ ಪಾತ್ರೆ ಬರುವ ಹೊತ್ತಿಗೆ ದೊಡ್ಡ ಭಾವ ಲೋಟಕ್ಕೆ ಚಮಚ ತಾಗಿಸಿ ಟಿಣ್ ಎನ್ನಿಸಿದರು. ಷಡ್ಡಕ ಕೋಟು ಸರಿಮಾಡಿಕೊಂಡ. ಹೆಂಡತಿ ಟೇಲರ ತೋಳನ್ನು ಮೆಲ್ಲಗೆ ಒತ್ತಿದಳು.

"ಕಟ್ಟಡದ ವಿಷಯ ಎರಡು ಮಾತು," ಎಂದರು ದೊಡ್ಡ ಭಾವ. "ಬಣ್ಣಾನೂ ಮುಗೀತು. ಈಗ ಹಿಂದುಗಡೆ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಉಳ್ಕೊಂಡಿದೆ. ಕಿಟಕಿ ಇಡೋಕೆ ಆಗ್ಲಿಲ್ಲ. ನೀರಿನ ಪಂಪು ಅಲ್ಲೇ ಇದೆ, ಸ್ವಲ್ಪ ಸದ್ದು. ಏನ್ರೀ ಟೇಲರೇ, ನಿಮಗೆ ಅದು ಬೇಕಾ?"

ಟೇಲರ ಕಣ್ಣು ಆಗ ಆಲೂಗಡ್ಡೆಯ ಮೇಲಿತ್ತು. ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

"ಬೇಕು!"

ವೇಟರು ಸಂತೋಷದಿಂದ ಎರಡು ಆಲೂಗಡ್ಡೆ ಹಾಕಿದ. ಅತ್ತಿಗೆಯ ಫೋರ್ಕು ಅರ್ಧ ದಾರಿಯಲ್ಲಿ ನಿಂತಿತ್ತು. ಹೆಂಡತಿಯ ಹಿಮ್ಮಡಿ ಮೇಜಿನ ಕೆಳಗೆ ಟೇಲರ ಪಾದವನ್ನು ಹುಡುಕಿ ಬಲವಾಗಿ ತುಳಿಯಿತು. ಆ ನೋವಿನಲ್ಲಿ ಕೇಳಿದ ಮಾತೆಲ್ಲ ಒಂದೊಂದಾಗಿ ಟೇಲರ ತಲೆಗೆ ಇಳಿಯಿತು. ಮೆಟ್ಟಿಲು. ಕಿಟಕಿ. ಪಂಪು.

"ಆ ಕೋಣೇನಾ? ಬೇಕಾ?" ದೊಡ್ಡ ಭಾವನಿಗೆ ನಂಬಿಕೆಯಾಗಲಿಲ್ಲ.

"ಅಲ್ಲ ಭಾವ, ನಾನು ಹೇಳಿದ್ದು ಏನಂದ್ರೆ..."

"ಅಣ್ಣನಿಗೆ ಮೆಟ್ಟಿಲ ಕೆಳಗೆ ಕೂತೇ ಕೈ ಪಳಗಿದೆ ಭಾವ," ಎಂದ ಷಡ್ಡಕ, ಬಹಳ ಪ್ರೀತಿಯಿಂದ. "ಗಾಳಿ ಬೆಳಕು ಇರೋ ಜಾಗದಲ್ಲಿ ಅವರಿಗೆ ಹೊಲಿಗೆ ಕೂರಲ್ಲ."

"ಮಕ್ಕಳಿಗೆ ಪಾಠ ಮಾಡೋ ಹಾಗಿದೆ," ಎಂದರು ಹೆಡ್‌ಮೇಡಂ. "ದುರಾಸೆ ಅನ್ನೋದೇ ಇಲ್ಲ."

ದೊಡ್ಡ ಭಾವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಎದ್ದು ಬಂದು ಟೇಲರ ಎರಡೂ ಕೈ ಹಿಡಿದುಕೊಂಡರು. ಒಂದು ಕೈಯಲ್ಲಿ ಫೋರ್ಕಿತ್ತು, ಅದಕ್ಕೆ ಆಲೂಗಡ್ಡೆ ಸಿಕ್ಕಿಸಿತ್ತು. ಇಷ್ಟು ಜನರ ಮುಂದೆ ಇಸಿದುಕೊಂಡದ್ದನ್ನು ಹಿಂದಕ್ಕೆ ಕೊಡುವುದು ಹೇಗೆಂದು ಟೇಲರ ತಾಯಿ ಕಲಿಸಿರಲಿಲ್ಲ.

"ಆಯ್ತು, ಅದು ನಿಮ್ಮದೇ," ಎಂದು ದೊಡ್ಡ ಭಾವ ತಮ್ಮ ಜಾಗಕ್ಕೆ ಹೋಗಿ ಷಡ್ಡಕನ ಕಡೆ ತಿರುಗಿದರು. "ಹಾಗಾದ್ರೆ ಮುಂದುಗಡೆ ಅಂಗಡಿ ನಿಮಗೆ ಬೇಕೇನಪ್ಪಾ?"

"ಅಯ್ಯೋ, ಬೇಡ ಭಾವ. ನನಗ್ಯಾಕೆ ಅಷ್ಟು ದೊಡ್ಡದು."

"ಹಾಗಂದ್ರೆ ಹೇಗೆ? ತಗೊಳ್ಳಿ."

"ಬೇಡ ಬಿಡಿ, ಛೆ ಛೆ."

"ಸುಮ್ನಿರಿ, ಕೊಟ್ಟಾಯ್ತು."

ಷಡ್ಡಕ, ದೊಡ್ಡವರ ಮಾತು ಮೀರಲಾರದೆ ಸೋತವನಂತೆ ಮುಖ ಮಾಡಿ ಒಪ್ಪಿಕೊಂಡ. ಟೇಲರು ತಟ್ಟೆಯನ್ನೇ ನೋಡುತ್ತಿದ್ದರು. ಹೊಟ್ಟೆಯಲ್ಲಿ ಇನ್ನೂ ಜಾಗವಿತ್ತು, ಆದರೂ ಆಲೂಗಡ್ಡೆ ಸಿಕ್ಕಿಸಿದ ಫೋರ್ಕನ್ನು ಕೆಳಗಿಟ್ಟರು.

"ನಿಜ ಹೇಳ್ಬೇಕೂಂದ್ರೆ ಟೇಲರೇ," ಎಂದರು ದೊಡ್ಡ ಭಾವ, ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ಆ ಕೋಣೇನ ಯಾರಿಗೂ ಕೊಡೋ ಯೋಚನೇನೇ ಇರ್ಲಿಲ್ಲ. ಹರಕು ಮುರುಕು ಸಾಮಾನು ಹಾಕೋಣ ಅಂತಿದ್ದೆ. ಕೊಡೋ ಮುಂಚೆ ಚಿಕ್ಕದರಿಂದ ಕೇಳೋದು ನಮ್ಮ ಮನೇಲಿ ಮೊದಲಿಂದಾನೂ ಬಂದ ರೂಢಿ. ನೀವು ಹೇಗಿದ್ರೂ ಬೇಡ ಅಂತೀರಿ. ಇಪ್ಪತ್ತೈದು ವರ್ಷದಲ್ಲಿ ಮೊದಲನೇ ಸಲಕ್ಕೆ ಏನನ್ನಾದ್ರೂ ತಗೊಂಡೋರಾ ನೀವು? ಬೇಡ ಅಂದ ತಕ್ಷಣ, ಹಾಗಾದ್ರೆ ಮುಂದುಗಡೆ ಅಂಗಡಿ ತಗೊಳ್ಳಿ ಅಂತ ಹೇಳೋಣ ಅಂತಿದ್ದೆ. ಬೋರ್ಡು ಕೂಡ ಬರೆಸಿ ಬಾಗಿಲ ಮೇಲೆ ಹಾಕಿಸಿಬಿಟ್ಟಿದ್ದೀನಿ, ಟೇಲರ್ ಅಂತ, ಇಷ್ಟಿಷ್ಟು ದಪ್ಪ ಅಕ್ಷರ."

ಟೇಲರು ತಲೆ ಎತ್ತಿದರು.

"ನೀವೇನೂ ಯೋಚನೆ ಮಾಡಬೇಡಿ, ಬೋರ್ಡು ದಂಡ ಆಗಲ್ಲ," ಎಂದರು ದೊಡ್ಡ ಭಾವ. "ಅಕ್ಷರದ ಪಕ್ಕದಲ್ಲಿ ಜಾಗ ಇದೆ. ಒಂದು ಬಾಣದ ಗುರುತು ಹಾಕಿಸ್ತೀನಿ, ಹಿಂದುಗಡೆಗೆ."